ಅಡ್ಡ ಮಡಿಸಿದ ಎಲೆ

೧೯೩೮ರಲ್ಲಿ ನನ್ನ ಓದು ನಿಂತಿತು. ಅಪ್ಪ ತೀರಿಕೊಂಡ ವರ್ಷ ಅದು. ನನ್ನ ಜೊತೆಯವರು ಐದನೆಯ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದಾಗ ನಾನು ಅಣ್ಣನ ಜೊತೆ ಗದ್ದೆಯಲ್ಲಿ ಎತ್ತುಗಳ ಹಿಂದೆ ಇದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಯಾರ ಹಂಗಿನಲ್ಲೂ ಇಲ್ಲದೆ ದುಡಿದು ಉಂಡಿದ್ದೇನೆ. ಗದ್ದೆ ಉತ್ತಿದ್ದೇನೆ, ಬುಲ್ಡೋಜರ್ ಓಡಿಸಿದ್ದೇನೆ, ಮರ ತುಂಬಿದ ಲಾರಿಯನ್ನು ಮಡಿಕೇರಿಯ ತಿರುವುಗಳಲ್ಲಿ ಇಳಿಸಿದ್ದೇನೆ. ನಾನಿರುವ ಮನೆಯ ಒಂದೊಂದು ಕಲ್ಲನ್ನೂ ನನ್ನ ಕೈಯಿಂದಲೇ ಇಟ್ಟಿದ್ದೇನೆ.

ಇಂಥ ಮನುಷ್ಯನಿಗೆ ದೆವ್ವ, ಕುಲೆ ಎಂದು ಹೆದರಲು ಪುರಸೊತ್ತು ಎಲ್ಲಿರುತ್ತದೆ? ಲಾರಿ ಕೆಟ್ಟು ಎಷ್ಟೋ ಸಲ ಕಾಡಿನ ನಡುವೆ ಒಬ್ಬನೇ ಮಲಗಿದ್ದೇನೆ. ಆನೆ ಬಂದದ್ದುಂಟು, ದೆವ್ವ ಬಂದದ್ದಿಲ್ಲ. ಯಾರಾದರೂ ಅಂಥ ಕತೆ ಶುರುಮಾಡಿದರೆ ಎಷ್ಟು ಕುಡಿದಿದ್ದೆ ಎಂದು ಮೊದಲು ಕೇಳುತ್ತಿದ್ದವನು ನಾನೇ. ಈಗ ಬರೆಯುತ್ತಿರುವುದನ್ನು ಓದಿ ನೀವೂ ಅದನ್ನೇ ಕೇಳಬಹುದು. ಆ ಸಂಜೆ ನಾನು ಕುಡಿದಿರಲಿಲ್ಲ. ಹಿರಿಯರಿಗೆ ಬಡಿಸುವ ಮೊದಲು ನಾವು ಕುಡಿಯುವ ಕ್ರಮವಿಲ್ಲ.

ಮೊದಲು ಎಲ್ಮರ್ ಯಾರೆಂದು ಹೇಳಬೇಕು.

ಯುದ್ಧದ ಕಾಲದಲ್ಲಿ ಮಡಿಕೇರಿಯಲ್ಲಿ ಸೈನ್ಯಕ್ಕೆ ರಸ್ತೆ ಕೆಲಸ ಮಾಡುವ ಪಯೋನಿಯರ್ ದಳಕ್ಕೆ ಜನ ಸೇರಿಸಿಕೊಳ್ಳುತ್ತಿದ್ದಾರೆಂದು ಕೇಳಿ ನಾನೂ ಹೋಗಿ ಸೇರಿದೆ. ಮೀಸೆ ಸರಿಯಾಗಿ ಬಂದಿರಲಿಲ್ಲ. ಕರೆದುಕೊಂಡು ಹೋದದ್ದು ಅಸ್ಸಾಮಿನ ಆಚೆ ತುದಿಗೆ. ಅಲ್ಲಿಂದ ಬರ್ಮಾದ ಗುಡ್ಡಗಳನ್ನು ಕಡಿದು ಚೀನಾದ ಕಡೆಗೆ ಅಮೆರಿಕದವರು ರಸ್ತೆ ಮಾಡುತ್ತಿದ್ದರು. ಅಮೆರಿಕದವರೆಂದರೆ ಎಲ್ಲರೂ ಬಿಳಿಯರೆಂದು ನಾನು ತಿಳಿದಿದ್ದೆ. ಕೆಸರಿನಲ್ಲಿ ನಿಂತು ಆ ರಸ್ತೆ ಮಾಡುತ್ತಿದ್ದ ಸಿಪಾಯಿಗಳಲ್ಲಿ ಹೆಚ್ಚಿನವರು ಕರಿಯರು. ಅವರ ಅಧಿಕಾರಿಗಳು ಬಿಳಿಯರು. ಡೇರೆ ಬೇರೆ, ಅಡುಗೆ ಬೇರೆ, ಸಿನಿಮಾ ತೋರಿಸಿದರೆ ಕೂರುವ ಜಾಗ ಬೇರೆ. ಪಂಕ್ತಿ ಬೇರೆ ಹಾಕುವುದು ನಮ್ಮ ದೇಶದಲ್ಲಿ ಮಾತ್ರ ಎಂದುಕೊಂಡಿದ್ದ ನನಗೆ ಅದನ್ನು ನೋಡಿ ಆಶ್ಚರ್ಯವಾಗಿತ್ತು. ಒಂದೇ ಬಟ್ಟೆ ತೊಟ್ಟು ಒಂದೇ ಯುದ್ಧಕ್ಕೆ ಬಂದವರು, ಊಟಕ್ಕೆ ಮಾತ್ರ ಬೇರೆ ಬೇರೆ.

ಎಲ್ಮರ್ ಅವರಲ್ಲಿ ಒಬ್ಬ ಸಾರ್ಜೆಂಟ್. ಬುಲ್ಡೋಜರ್ ಓಡಿಸುತ್ತಿದ್ದ. ನನಗಿಂತ ಐದಾರು ವರ್ಷ ದೊಡ್ಡವನು, ಎತ್ತರದ ಆಳು, ಮಾತು ಕಡಿಮೆ. ಗುಡ್ಡ ಕುಸಿದಾಗ ಅವನ ಯಂತ್ರದ ಮುಂದೆ ಮಣ್ಣು ಬಿಡಿಸುವ ಕೆಲಸಕ್ಕೆ ನಮ್ಮನ್ನು ಹಾಕುತ್ತಿದ್ದರು. ನಾನು ಯಂತ್ರವನ್ನೇ ನೋಡುತ್ತಾ ನಿಲ್ಲುವುದನ್ನು ಕಂಡು ಒಂದು ದಿನ ಮೇಲೆ ಹತ್ತಿಸಿಕೊಂಡ. ಆಮೇಲೆ ಬಿಡುವಿದ್ದಾಗಲೆಲ್ಲ ಕಲಿಸಿದ. ಶಾಲೆಯಲ್ಲಿ ಕಲಿಯದ ಇಂಗ್ಲಿಷನ್ನು ನಾನು ಆ ಬುಲ್ಡೋಜರಿನ ಮೇಲೆ ಕಲಿತೆ. ನನ್ನ ಹೆಸರು ಅವನ ಬಾಯಿಗೆ ಹಿಡಿಯಲಿಲ್ಲ. "ಕೂರ್ಗ್" ಎಂದು ಕರೆಯುತ್ತಿದ್ದ.

ನಾವು ಕೊಡಗಿನ ಕಡೆಯವರು ಕೆಲವರು ಸೇರಿ ಬೇರೆ ಅಡುಗೆ ಮಾಡಿಕೊಳ್ಳುತ್ತಿದ್ದೆವು. ಕಾಡುಬಾಳೆ ಬೇಕಾದಷ್ಟಿತ್ತು, ಎಲೆಯಲ್ಲೇ ಊಟ. ಒಗ್ಗರಣೆ ವಾಸನೆಗೆ ಎಲ್ಮರ್ ಬಂದ. ಮೊದಲ ದಿನ ನಿಂತುಕೊಂಡೇ ತಿಂದ. ಎರಡನೆಯ ದಿನ ನಾನು ಒಂದು ಎಲೆ ಹೆಚ್ಚಿಗೆ ಕೊಯ್ದು ನನ್ನ ಪಕ್ಕದಲ್ಲಿ ಹಾಕಿದೆ. ನಮ್ಮವರಲ್ಲಿ ಇಬ್ಬರು ಎದ್ದು ಹೋದರು. ಎಲ್ಮರ್‌ಗೆ ಅದು ಅರ್ಥವಾಯಿತು. ಅವನೂ ಏಳಲು ಹೋದ, ನಾನು ಕೈ ಹಿಡಿದು ಕೂರಿಸಿದೆ. ಅಂದಿನಿಂದ ಎಲೆ ಕೊಯ್ಯುವಾಗ ನಮ್ಮ ಲೆಕ್ಕಕ್ಕೆ ಒಂದು ಹೆಚ್ಚಿಗೆ ಕೊಯ್ಯುವುದು ನನ್ನ ಕೈಗೆ ರೂಢಿಯಾಯಿತು.

ಕೈಯಲ್ಲಿ ಉಣ್ಣುವುದನ್ನು ಬೇಗ ಕಲಿತ. ಎಲೆ ಮಡಿಸುವುದನ್ನು ಮಾತ್ರ ಕಲಿಯಲಿಲ್ಲ. ಮೇಲಿನ ಭಾಗವನ್ನು ನಮ್ಮ ಕಡೆಗೆ ಮಡಿಸಬೇಕು ಎಂದು ಎಷ್ಟು ಸಲ ತೋರಿಸಿದರೂ ಅವನು ಬಲಗಡೆಯ ತುದಿಯನ್ನು ಎತ್ತಿ ಎಡಗಡೆಗೆ ತರುತ್ತಿದ್ದ, ಪುಸ್ತಕ ಮುಚ್ಚಿದ ಹಾಗೆ. ನಡುವಿನ ದಂಟು ಹಾಗೆ ಸುಲಭಕ್ಕೆ ಮಡಿಯುವುದಿಲ್ಲ, ಕೈ ಬಿಟ್ಟ ಕೂಡಲೇ ಎಲೆ ಎದ್ದು ಬಿಚ್ಚಿಕೊಳ್ಳುತ್ತದೆ. ಅದಕ್ಕೆ ತನ್ನ ತಗಡಿನ ಮಗ್ಗನ್ನು ಮೇಲೆ ಇಟ್ಟು ಒತ್ತಿ, "ಪಾಠ ಮುಗಿಯಿತು, ಕೂರ್ಗ್" ಎನ್ನುತ್ತಿದ್ದ. ಅವನ ತಾಯಿ ಊಟವಾದ ಮೇಲೆ ಬೈಬಲ್ ಓದಿ ಮುಚ್ಚುತ್ತಿದ್ದಳಂತೆ. ಊರಲ್ಲಿ ಬಿಳಿಯರ ಹೋಟೆಲಿಗೆ ಹೋದರೆ ಹಿಂಬಾಗಿಲಲ್ಲಿ ಪೊಟ್ಟಣ ಕೊಡುತ್ತಾರೆಂದು ಒಮ್ಮೆ ಹೇಳಿದ. "ಇಲ್ಲಿ ನೆಲದ ಮೇಲೆ ಕೂತಿದ್ದೇನೆ, ಆದರೆ ಸಾಲಿನಲ್ಲಿ ಕೂತಿದ್ದೇನೆ" ಎಂದ. ಅವನು ಮನಸ್ಸು ಬಿಚ್ಚಿ ಆಡಿದ ಮಾತು ಅಷ್ಟೇ.

ಯುದ್ಧ ಮುಗಿದ ಮೇಲೆ ಅವನು ಹಡಗು ಹತ್ತಲು ಹೋದ, ನಾನು ರೈಲು ಹತ್ತಿದೆ. ವಿಳಾಸ ಬರೆದುಕೊಳ್ಳಲಿಲ್ಲ. ಕಾಗದ ಬರೆಯುವ ಜಾತಿಯವರು ನಾವಿಬ್ಬರೂ ಅಲ್ಲ. ಊರಿಗೆ ಹೋಗಿ ಗ್ಯಾರೇಜು ಹಾಕುತ್ತೇನೆ ಎಂದಿದ್ದ, ಹಾಕಿರುತ್ತಾನೆ ಎಂದುಕೊಂಡೆ.

ನಾನು ಊರಿಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನಾನಿಲ್ಲದಾಗ ಚಳಿಜ್ವರಕ್ಕೆ ಅವ್ವನೂ ಅಣ್ಣನೂ ಒಂದೇ ಮಳೆಗಾಲದಲ್ಲಿ ಹೋಗಿದ್ದರು. ಹುಲ್ಲಿನ ಮಾಡು ಕುಸಿದಿತ್ತು. ಅದೇ ಜಾಗದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಜಗಲಿ ಕಟ್ಟಿಕೊಂಡೆ. ಮಡಿಕೇರಿಯ ಮರದ ಕಂಟ್ರಾಕ್ಟರರೊಬ್ಬರ ಲಾರಿಗೆ ಡ್ರೈವರಾದೆ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಬೀಗ ತೆಗೆದ ಕೂಡಲೇ ಒಳಗಿನಿಂದ ಬರುವ ಆ ತಣ್ಣನೆಯ ವಾಸನೆ ಒಂಟಿಯಾಗಿ ಇದ್ದವರಿಗೆ ಗೊತ್ತು. ಒಂದು ಎಲೆ ಕೊಯ್ದು, ಒಬ್ಬನೇ ಉಂಡು, ಅದನ್ನು ಮಡಿಸಿ ಎಸೆಯುವಾಗ ಕೆಲವೊಮ್ಮೆ ಎಲ್ಮರ್ ನೆನಪಾಗುತ್ತಿದ್ದ. ಅವನ ವಿಷಯ ಊರಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಯಂತ್ರ ಕಲಿಸಿದ ಅಮೆರಿಕದ ಸಾರ್ಜೆಂಟ್ ಒಬ್ಬ ಇದ್ದ ಎನ್ನುವವರೆಗೆ ಗೊತ್ತಿತ್ತು. ಒಂದೇ ಸಾಲಿನಲ್ಲಿ ಕೂತು ಉಂಡದ್ದು, ಅವನು ಎಲೆ ಮಡಿಸುತ್ತಿದ್ದ ರೀತಿ, ಇವು ನನ್ನ ಹೊಟ್ಟೆಯಲ್ಲೇ ಇದ್ದವು. ಹೇಳಿದ್ದರೆ ಆ ಕಾಲದಲ್ಲಿ ನಮ್ಮವರೇ ನನ್ನನ್ನು ಪಂಕ್ತಿಯಿಂದ ಎಬ್ಬಿಸುತ್ತಿದ್ದರು.

ಕೊಡಗು ಬೇರೆ ರಾಜ್ಯವಾಗಿದ್ದ ದಿನಗಳು. ೧೯೫೦ರ ಹುತ್ತರಿ, ಚಳಿಗಾಲದ ನಮ್ಮ ಸುಗ್ಗಿ ಹಬ್ಬ, ಕಳೆದಿತ್ತು. ಹೊಸ ಅಕ್ಕಿ ಬಂದ ಮೇಲೆ ಗುರುಕಾರಣರಿಗೆ, ಅಂದರೆ ನಮ್ಮ ತೀರಿಹೋದ ಹಿರಿಯರಿಗೆ, ಬಡಿಸುವ ಕ್ರಮ ನಮ್ಮ ಮನೆಯಲ್ಲಿ ಉಂಟು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪ ಹಚ್ಚಿ, ಹೆಸರು ಹೇಳಿ ಕರೆದು, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರಬೇಕು. ಒಂದು ವೀಳ್ಯ ಜಗಿದು ಮುಗಿಯುವಷ್ಟು ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ತೆರೆಯಬೇಕು. ಆಮೇಲೆ ಆ ಎಲೆಯದನ್ನು ಮನೆಯವರು ಹಂಚಿಕೊಂಡು ಉಣ್ಣುತ್ತಾರೆ. ಅಪ್ಪನ ಅಣ್ಣನ ಹೆಂಡತಿ, ನನ್ನ ದೊಡ್ಡವ್ವ, ಆಚೆ ಮನೆಯಿಂದ ನಡೆಸಿಕೊಡಲು ಬಂದಿದ್ದರು. ಅವರ ಮಗ ಕುಶಾಲಪ್ಪ ನನಗಿಂತ ಚಿಕ್ಕವನು, ಮಿಲಿಟರಿಯಲ್ಲಿದ್ದ, ರಜೆಯ ಮೇಲೆ ಬಂದಿದ್ದ. ನಾವು ಮೂವರೇ.

ಎಲೆ ಕೊಯ್ದು ತಂದು ಸಾಲಾಗಿ ಹಾಕಿದವನು ನಾನು. ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಕರಿ, ಕೋಳಿಸಾರು ಬಡಿಸಿದವನೂ ನಾನೇ. ಒಂದೊಂದು ಎಲೆಯ ಮುಂದೆ ಒಂದೊಂದು ಲೋಟ ಸಾರಾಯಿ ಇಟ್ಟೆ. ದೊಡ್ಡವ್ವ ಹೆಸರು ಹೇಳುತ್ತಾ ಬಂದರು. ಅಜ್ಜ, ಅಜ್ಜಿ, ಅಪ್ಪ, ಅವ್ವ, ಅಣ್ಣ. ಆಮೇಲೆ ನಿಂತರು.

"ಇದ್ ಯಾರ್ದ್ ಮಗಾ? ಐದ್ ಜನಕ್ಕೆ ಆರ್ ಎಲೆ ಎಂತಕೆ?"

ನಾನು ನೋಡಿದೆ. ಅಸ್ಸಾಮಿನ ರೂಢಿ ಕೈಯಲ್ಲಿ ಉಳಿದುಬಿಟ್ಟಿತ್ತು. ಬಡಿಸುವಾಗಲೂ ಗಮನಕ್ಕೆ ಬಂದಿರಲಿಲ್ಲ.

"ತಪ್ಪಿ ಬಂತ್ ದೊಡ್ಡವ್ವಾ, ತೆಗ್ದ್‌ಬುಡ್ನೆ."

"ಬಡ್ಸಿದ ಎಲೆ ತೆಗಿಯಕೆ ಉಟ್ಟಾ? ಹೆಸ್ರಿಲ್ಲದೆ ಬಿಟ್ಟರೆ ದಾರಿಲಿ ಅಲೆಯುದೆಲ್ಲ ಬಂದ್ ಕೂರ್ದು. ನಿನ್ನವು ಅಂತ ಯಾರಾರ್ ಇದ್ದರೆ ಹೇಳ್, ಬೇಗ."

ನನ್ನವರು ಅಂತ ಇದ್ದವರ ಹೆಸರೆಲ್ಲ ಆಗಲೇ ಹೇಳಿ ಮುಗಿದಿತ್ತು. ಒಲೆಯಲ್ಲಿ ಇಟ್ಟದ್ದು ಸೀಯುತ್ತಿತ್ತು. ಬಾಯಿಗೆ ಬಂದದ್ದು ಒಂದೇ ಹೆಸರು.

"ಎಲ್ಮರ್. ನಂಗೆ ಯಂತ್ರ ಕಲಿಸಿದ ಸಾರ್ಜೆಂಟ್."

ದೊಡ್ಡವ್ವ ಕೈ ಮುಗಿದು, "ಬಾ ಎಲ್ಮಣ್ಣಾ, ಬಂದ್ ಕುದ್ರ್, ಇದ್ದದರ್ಲಿ ಉಣ್ಣ್" ಎಂದರು. ನಾನು ಕಿಟಕಿಗೆ ಅಗಳಿ ಹಾಕಿದ್ದೆ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಆ ಮನೆಗೆ ಇದ್ದದ್ದು ಅದೊಂದೇ ಬಾಗಿಲು.

ಜಗಲಿಯಲ್ಲಿ ಕೂತೆವು. ಗದ್ದೆಯ ಮೇಲೆ ಮಂಜು ಇಳಿಯುತ್ತಿತ್ತು, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಕುಶಾಲಪ್ಪನಿಗೆ ನಗು ತಡೆಯಲಿಲ್ಲ.

"ಅಣ್ಣಾ, ಅಮೆರಿಕಂದ ಇಲ್ಲಿಗೆ ಅವಂಗೆ ದಾರಿ ಗೊತ್ತುಟ್ಟಾ? ಮಡಿಕೇರಿಂದ ಈ ಹೊತ್ತಿಗೆ ಬಸ್ಸೂ ಇಲ್ಲೆ."

"ನಡ್ಕೊಂಡ್ ಬರ್ಲಿ. ನಿನ್ನ ಹಾಗೆ ಸೋಮಾರಿ ಅಲ್ಲ ಅವ."

"ಸಾರಾಯಿ ಕುಡ್ದು ನಮ್ಮ ಅಜ್ಜನ ಹತ್ರ ಇಂಗ್ಲಿಷ್ ಮಾತಾಡಿದ್ರೆ ಅಜ್ಜ ಕೋವಿ ತೆಗಿಯದಾ?"

ದೊಡ್ಡವ್ವ ಅವನ ತಲೆಗೆ ಮೊಟಕಿದರು. ವೀಳ್ಯ ಜಗಿಯುತ್ತಾ ಕೇಳಿದರು, "ಪಾಪ, ಯುದ್ಧಲಿ ಸತ್ತದಾ ಅಂವ?"

"ಇಲ್ಲೆ ದೊಡ್ಡವ್ವಾ, ಯುದ್ಧ ಮುಗ್ಸಿ ಊರಿಗೆ ಹೋದ. ಚಂದಲಿ ಒಳೊ."

ದೊಡ್ಡವ್ವ ಜಗಿಯುವುದನ್ನು ನಿಲ್ಲಿಸಿದರು. ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗಿದು ನನ್ನ ಮುಖ ನೋಡಿದರು. "ಬದ್ಕಿರವಂಗೆ ಬಡ್ಸಿದಾ? ಸತ್ತವರ ಸಾಲ್ಲಿ ಕೂರ್ಸಿದಾ? ಅಯ್ಯೋ ಮಗಾ, ಎಂಥ ಕೆಲ್ಸ ಮಾಡ್ದ ನೀ!"

ನಾನು ನಕ್ಕೆ. ಊಟಕ್ಕೆ ಕರೆದರೆ ಯಾರೂ ಸಾಯುವುದಿಲ್ಲ ಎಂದೆ. ಹೋಗಿ ಕೆಮ್ಮಿ, ಬಾಗಿಲು ತಟ್ಟಿ, ತೆರೆದೆ.

ದೀಪ ಹಾಗೆಯೇ ಉರಿಯುತ್ತಿತ್ತು. ಐದು ಎಲೆಗಳು ಹಾಕಿದ ಹಾಗೆಯೇ ಇದ್ದವು. ಆರನೆಯದು ಮಡಿಸಿತ್ತು. ಬಲಗಡೆಯ ತುದಿ ಎಡಗಡೆಗೆ ಬಂದಿತ್ತು, ದಂಟು ನಡುವೆ ಮುರಿದಿತ್ತು. ಎಲೆ ಎದ್ದು ಬಿಚ್ಚಿಕೊಳ್ಳದ ಹಾಗೆ ಸಾರಾಯಿ ಲೋಟ ಅದರ ಮೇಲೆ ಕೂತಿತ್ತು.

ಅದನ್ನು ನೋಡಿ ಭಯವಾಯಿತು ಎಂದರೆ ಸುಳ್ಳು. ಮೊದಲು ಆದದ್ದು ಸಂತೋಷ. ಬಂದನಲ್ಲ, ಇಷ್ಟು ವರ್ಷದ ಮೇಲೆ ಬಂದನಲ್ಲ ಎಂದು. ದೊಡ್ಡವ್ವನ ಮಾತು ನೆನಪಾದದ್ದು ಆಮೇಲೆ. ಬಂದಿದ್ದಾನೆ ಎಂದರೆ ಬರುವಂಥ ಕಡೆಯಿಂದ ಬಂದಿದ್ದಾನೆ. ಆಗ ಹೊಸ್ತಿಲಲ್ಲೇ ಕೂತುಬಿಟ್ಟೆ.

ಕುಶಾಲಪ್ಪ ಕಿಟಕಿ ನೋಡಿದ, ಅಟ್ಟ ನೋಡಿದ, ಒಲೆಯ ಹಿಂದೆ ನೋಡಿದ. ಬೆಕ್ಕೂ ಇಲ್ಲ, ಇಲಿಯೂ ಇಲ್ಲ. "ಅಣ್ಣಾ, ನೀನೇ ಮಾಡಿದ್ದಲ್ಲವಾ?" ಎಂದು ಕೇಳಿದ. ನಾನೂ ಅವನನ್ನು ಅದನ್ನೇ ಕೇಳಬೇಕೆಂದಿದ್ದೆ. ಆದರೆ ಜಗಲಿಯಿಂದ ಇಬ್ಬರೂ ಎದ್ದಿರಲಿಲ್ಲ. ಅಲ್ಲದೆ ಎಲ್ಮರ್ ಎಲೆಯನ್ನು ಅಡ್ಡ ಮಡಿಸುತ್ತಿದ್ದುದು ಅವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಲೋಟದಲ್ಲಿ ಸಾರಾಯಿ ಇತ್ತೇ ಎಂಬುದರಲ್ಲಿ ಮಾತ್ರ ಇಂದಿಗೂ ನಮ್ಮಿಬ್ಬರಿಗೆ ಒಮ್ಮತವಿಲ್ಲ. ಅರ್ಧ ಇತ್ತು ಎನ್ನುತ್ತಾನೆ ಅವನು. ನಾನು ಲೋಟದೊಳಗೆ ನೋಡಲೇ ಇಲ್ಲ.

ಆ ಎಲೆಯದನ್ನು ಮನೆಯವರು ಉಣ್ಣಬಾರದು, ತೋಡಿಗೆ ಬಿಟ್ಟು ಬಾ ಎಂದರು ದೊಡ್ಡವ್ವ. ಎರಡು ಕೈಯಲ್ಲಿ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಹೋಗಿ ನೀರಿಗೆ ಬಿಟ್ಟೆ. ಬಿಚ್ಚಿ ನೋಡಲಿಲ್ಲ. ಭಾರವಿತ್ತೇ, ಹಗುರವಿತ್ತೇ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ತೋಡಿನ ನೀರು ತಣ್ಣಗಿತ್ತು ಎಂಬುದಷ್ಟೇ ನೆನಪು.

ಮುಂದಿನ ವರ್ಷಗಳು ಒಳ್ಳೆಯ ವರ್ಷಗಳಲ್ಲ. ಲಾರಿಯಲ್ಲಿ ಒಬ್ಬನೇ ಹೋಗುವಾಗ ಅದೇ ಯೋಚನೆ. ಅವನು ಸತ್ತಿದ್ದರೆ ಯಾವಾಗ ಸತ್ತ? ಮೊದಲೇ ಸತ್ತು, ಕರೆದದ್ದಕ್ಕೆ ಬಂದನೇ? ಅಥವಾ ನೆಟ್ಟಗೆ ಬದುಕಿದ್ದವನನ್ನು ನಾನೇ ಆ ಸಾಲಿಗೆ ಕರೆದೆನೇ? ಬೇರೆಯವರ ಬಾಯಲ್ಲಿ ಕೇಳಿದ್ದರೆ ನಗುತ್ತಿದ್ದೆ. ನನ್ನ ವಿಷಯಕ್ಕೆ ನಗು ಬರಲಿಲ್ಲ.

ಅಷ್ಟರಲ್ಲಿ ಕೊರಿಯಾದ ಯುದ್ಧ ನಿಂತಿತು. ಊರಿಗೆ ಹೋಗಲು ಒಪ್ಪದ ಕೈದಿಗಳನ್ನು ಕಾಯಲು ನಮ್ಮ ದೇಶದಿಂದ ಪಡೆ ಕಳಿಸಿದರು, ಅದರಲ್ಲಿ ಕುಶಾಲಪ್ಪನೂ ಹೋದ. ಅಲ್ಲಿ ಅಮೆರಿಕದವರು ತುಂಬಾ ಇದ್ದಾರೆ, ಎಲ್ಮರ್ ವಿಷಯ ಕೇಳಿ ನೋಡು ಎಂದೆ. "ಅಮೆರಿಕ ಅಂದ್ರೆ ನಾಪೋಕ್ಲು ಸಂತೆಯಾ ಅಣ್ಣಾ, ಎಲ್ಲರಿಗೂ ಎಲ್ಲರೂ ಗೊತ್ತಿರಕೆ?" ಎಂದು ನಕ್ಕ. ನನ್ನ ಮುಖ ನೋಡಿ, ಕೇಳುತ್ತೇನೆ ಎಂದ. ಎಲ್ಮರ್ ಉಣ್ಣುತ್ತಿದ್ದ ರೀತಿ, ಎಲೆ ಮಡಿಸುತ್ತಿದ್ದ ರೀತಿ, ಎಲ್ಲವನ್ನೂ ಆಗ ಮೊದಲ ಸಲ ಅವನಿಗೆ ಹೇಳಿದೆ. "ಅವ್ವಂಗೆ ಹೇಳ್ಬೇಡ" ಎಂದ.

ಮರುವರ್ಷ ಹಿಂದಿರುಗಿ ಬಂದು ಇದೇ ಜಗಲಿಯಲ್ಲಿ ಕೂತು ಹೇಳಿದ. ಅಮೆರಿಕದ ಸಿಪಾಯಿಗಳಲ್ಲೂ ಬೆರಳೆಣಿಕೆಯ ಜನ, ನಾವು ಊರಿಗೆ ಹೋಗುವುದಿಲ್ಲ ಎಂದು ಆ ಬೇಲಿಯೊಳಗೆ ಕೂತಿದ್ದರಂತೆ. ಅವರಲ್ಲಿ ಕರಿಯರೂ ಇದ್ದರಂತೆ. ನನಗೆ ಹಿಂಬಾಗಿಲ ಪೊಟ್ಟಣ ನೆನಪಾಯಿತು. ಇರಬಹುದು, ಮತ್ತೆ ಸೈನ್ಯ ಸೇರಿ ಎಲ್ಮರ್ ಅಲ್ಲೇ ಇರಬಹುದು. ಕುಶಾಲಪ್ಪ ತಲೆ ಆಡಿಸಿದ. "ಅದರ್ಲಿ ಅಂವ ಇಲ್ಲೆ. ನೋಡಿ ಆತ್."

ಆದರೆ ಬೇಲಿಯ ಹೊರಗೆ, ಸಾಮಾನು ತರುತ್ತಿದ್ದ ಒಬ್ಬ ಕರಿಯ ಡ್ರೈವರನ ಹತ್ತಿರ ಕೇಳಿದನಂತೆ. ಎಲ್ಮರ್ ಎಂಬ ಹೆಸರು ಅವರಲ್ಲಿ ನಮ್ಮ ಕಡೆ ಬೆಳ್ಯಪ್ಪ ಇದ್ದ ಹಾಗೆ, ತಿರುಗಿದಲ್ಲೆಲ್ಲ ಒಬ್ಬ. ಬರ್ಮಾದಲ್ಲಿ ರಸ್ತೆ ಮಾಡಿದವನು ಎಂದಾಗ ಆ ಡ್ರೈವರ್ ಸ್ವಲ್ಪ ಯೋಚಿಸಿದ. ಕೊರಿಯಾ ಯುದ್ಧದ ಮೊದಲ ಚಳಿಗಾಲದಲ್ಲಿ ಅಂಥ ಒಬ್ಬ ಸಾರ್ಜೆಂಟ್ ಇದ್ದನಂತೆ. ಎಲ್ಲಾದರೂ ಅನ್ನ ಸಿಕ್ಕರೆ ಚಮಚ ಬಿಟ್ಟು ಕೈಯಲ್ಲಿ ಉಣ್ಣುತ್ತಿದ್ದ, ಉಳಿದವರು ಅದಕ್ಕೆ ನಗುತ್ತಿದ್ದರಂತೆ. ಚೀನಾದವರು ಮೇಲೆ ಬಿದ್ದು ಇವರೆಲ್ಲ ಹಿಂದೆ ಸರಿಯುವಾಗ ಅವನು ಬರಲಿಲ್ಲ. ಹೆಣ ಸಿಗಲಿಲ್ಲ. ಕೈದಿಗಳನ್ನು ಬಿಟ್ಟಾಗ ಅವರಲ್ಲೂ ಇರಲಿಲ್ಲ.

"ಸತ್ತ ಅಂತ ಹೇಳಿದ್ರಾ?" ಎಂದೆ.

"ಇಲ್ಲೆ ಅಣ್ಣಾ. ಕಾಣೆ ಆದವ ಅಂತ ಹೇಳ್ದು. ಅವರ್ಲಿ ಅದ್ ಬೇರೆನೇ."

"ಯಾವ ದಿನ? ನಾವು ಬಡಿಸುವ ಮೊದಲಾ, ಆಮೇಲೆಯಾ?"

ಅದು ಆ ಡ್ರೈವರಿಗೂ ಗೊತ್ತಿರಲಿಲ್ಲ. ಹುತ್ತರಿ ಆದ ಆಸುಪಾಸು ಎನ್ನುವಷ್ಟೇ ಲೆಕ್ಕ ಸಿಕ್ಕಿತು.

ಇದಕ್ಕಿಂತ ಹೆಚ್ಚು ನನಗೆ ಇಂದಿಗೂ ಗೊತ್ತಿಲ್ಲ. ಓದಿದವರಿಗೆ ಹೇಳಿ ನೋಡಿದ್ದೇನೆ. ಎಲೆ ಬಾಡಿ ತಾನಾಗಿ ಮಡಿಸಿಕೊಂಡಿರಬಹುದು ಎಂದರು ಒಬ್ಬರು. ಬಾಡಿದ ಎಲೆ ತನ್ನ ಮೇಲೆ ಲೋಟ ಇಟ್ಟುಕೊಳ್ಳುತ್ತದೆಯೇ? ಇನ್ನೊಬ್ಬರು ನಾನೇ ಮೈಮರೆತು ಮಡಿಸಿರಬೇಕು ಎಂದರು. ಇರಬಹುದು. ಎಲೆ ಕೊಯ್ದ ಕೈ ಇದನ್ನೂ ಮಾಡಿರಬಹುದು. ಆದರೆ ದೊಡ್ಡವ್ವ ಹೆಸರು ಹೇಳಿ ಕರೆದಾಗ ಅದು ಬಿಚ್ಚಿಯೇ ಇತ್ತು, ಮೂವರೂ ನೋಡಿದ್ದೇವೆ.

ಆ ಎಲ್ಮರ್ ನನ್ನ ಎಲ್ಮರೇ ಎಂದಿಟ್ಟುಕೊಂಡರೂ ತೊಂದರೆ ತೀರಲಿಲ್ಲ. ಪ್ರತಿ ವರ್ಷ ಗುರುಕಾರಣರಿಗೆ ಬಡಿಸುವ ದಿನ ಬಂದರೆ ನನ್ನ ಮುಂದೆ ಅದೇ ಪ್ರಶ್ನೆ. ಬಡಿಸಿದರೆ ಅವನನ್ನು ಸತ್ತವರ ಸಾಲಿಗೆ ನಾನೇ ಸೇರಿಸಿದಂತೆ. ಬಡಿಸದಿದ್ದರೆ, ಒಂದು ವೇಳೆ ಬಂದು ಕೂತವನನ್ನು ಇಲ್ಲಿಯೂ ಸಾಲಿನಿಂದ ಎಬ್ಬಿಸಿದಂತೆ. ದೊಡ್ಡವ್ವ ಬದುಕಿದ್ದಷ್ಟು ದಿನ, ಒಮ್ಮೆ ಕರೆದವನನ್ನು ಹಸಿದು ಕಳಿಸಬೇಡ ಎನ್ನುತ್ತಿದ್ದರು. ಅವರ ಮಾತನ್ನು ಅರ್ಧ ಕೇಳಿದ್ದೇನೆ, ಅರ್ಧ ಬಿಟ್ಟಿದ್ದೇನೆ.

ನನಗೆ ಈಗ ಇರುವುದು ನಾನು ಕಟ್ಟಿದ ಈ ಮನೆ, ಎರಡು ಎಕರೆ ಗದ್ದೆ, ಒಂದು ಎಕರೆ ಕಾಫಿ, ಹಾಲು ಕೊಡುವ ಒಂದು ಹಸು. ಹೆಂಡತಿ ಮಕ್ಕಳಿಲ್ಲ. ಹುತ್ತರಿ ಕಳೆದ ಮೇಲೆ ಬಡಿಸಲು ಐದು ಎಲೆ. ಆರನೆಯದನ್ನೂ ಕೊಯ್ದು ತಂದು, ತೊಳೆದು, ಬಾಗಿಲ ಪಕ್ಕದ ಗೋಡೆಗೆ ಒರಗಿಸಿಡುತ್ತೇನೆ. ಬಡಿಸುವುದಿಲ್ಲ. ಅದರ ಪಕ್ಕ ಒಂದು ಖಾಲಿ ಲೋಟ.